ಮೇಲೆ ಚಿತ್ರ, ಕೆಳಗೆ ದನಿ

ವಿಡಿಯೊ ಒಂದನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ತಂದು ಟೈಮ್‌ಲೈನಿನ ಮೇಲೆ ಇಟ್ಟ ಕೂಡಲೇ ಅದು ಎರಡು ಪಟ್ಟಿಗಳಾಗಿ ಹರಡಿಕೊಳ್ಳುತ್ತದೆ. ಮೇಲಿನ ಪಟ್ಟಿಯಲ್ಲಿ ಚಿತ್ರ, ಕೆಳಗಿನದರಲ್ಲಿ ದನಿ. ಮೇಲೆ ಮುಖಗಳು ಸಣ್ಣಸಣ್ಣದಾಗಿ ಕಾಣುತ್ತವೆ, ಕೆಳಗೆ ಏರಿ ಇಳಿಯುವ ಗೆರೆಗಳು ಮಾತ್ರ. ಸಾಫ್ಟ್‌ವೇರು ಎರಡನ್ನೂ ಒಂದಕ್ಕೊಂದು ಗಂಟು ಹಾಕಿಯೇ ಕೊಡುತ್ತದೆ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ, ಒಂದನ್ನು ಕತ್ತರಿಸಿದರೆ ಇನ್ನೊಂದೂ ಅಲ್ಲೇ ತುಂಡಾಗುತ್ತದೆ. ಆ ಗಂಟು ಬಿಚ್ಚುವುದಕ್ಕೆ ಪ್ರೀಮಿಯರ್‌ನಲ್ಲಿ ‘ಅನ್‌ಲಿಂಕ್’ ಎನ್ನುತ್ತಾರೆ, ಐಮೂವಿಯಲ್ಲಿ ‘ಡಿಟ್ಯಾಚ್ ಆಡಿಯೊ’, ಡಾವಿಂಚಿ ರಿಸಾಲ್ವ್‌ನಲ್ಲಿ ಸರಪಳಿಯ ಚಿತ್ರವಿರುವ ಒಂದು ಗುಂಡಿ. ನನ್ನ ಹತ್ತಿರ ಎಡಿಟಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬಣ್ಣ ತಿದ್ದುವುದು, ಅಕ್ಷರ ಕುಣಿಸುವುದು ಎಲ್ಲ ಆಮೇಲೆ.

ಬ್ರಾಂಪ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಈ ಕೆಲಸಕ್ಕೆಂದೇ ಒಂದು ಮೇಜಿದೆ. ಸಂಬಳದ ಕೆಲಸ ಬೇರೆ, ಇದು ಸಂಜೆಯ ಮತ್ತು ವಾರಾಂತ್ಯದ ಕೆಲಸ. ಟೊರಾಂಟೊ, ಮಿಸ್ಸಿಸಾಗ, ಮಾರ್ಕಮ್, ಸ್ಕಾರ್ಬರೊ ಎಂದು ಹರಡಿಕೊಂಡಿರುವ ನಮ್ಮವರ ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಮಕ್ಕಳ ನಾಟಕ, ಊರಿಂದ ಬಂದ ಅಪ್ಪ ಅಮ್ಮನ ಜೊತೆ ಕೂತು ಆಡಿದ ಮಾತು, ಎಲ್ಲವೂ ಪೆನ್‌ಡ್ರೈವಿನಲ್ಲೋ ವಾಟ್ಸಾಪಿನ ಕೊಂಡಿಯಲ್ಲೋ ಈ ಮೇಜಿಗೆ ಬರುತ್ತವೆ. ತಂದುಕೊಡುವವರು ಹೇಳುವುದು ಚಿತ್ರದ ವಿಚಾರವನ್ನೇ. “ಸ್ವಲ್ಪ ಕತ್ತಲೆ ಬಂದಿದೆ, ಬೆಳಕು ಮಾಡಿ ಕೊಡಿ”, “ಮಧ್ಯೆ ಯಾರೋ ಎದ್ದು ಹೋಗ್ತಾರೆ ನೋಡಿ, ಅದನ್ನ ತೆಗೀರಿ.” ದನಿಯ ಬಗ್ಗೆ ಕೇಳುವವರು ಅಪರೂಪ. ಆದರೆ ಅದೇ ಜನ ಮುಗಿದ ವಿಡಿಯೊ ನೋಡಲು ಕೂತು ಅರ್ಧಕ್ಕೇ ಎದ್ದರೆ ಅದಕ್ಕೆ ಕಾರಣ ಚಿತ್ರವಲ್ಲ. ಮಸುಕಾದ ಚಿತ್ರವನ್ನು ಕಣ್ಣು ಹೇಗೋ ಒಪ್ಪಿಕೊಳ್ಳುತ್ತದೆ. ಸರಿಯಾಗಿ ಕೇಳಿಸದ ಮಾತನ್ನು ಕಿವಿ ಐದು ನಿಮಿಷವೂ ತಡೆಯುವುದಿಲ್ಲ.

ನಮ್ಮ ಕಾರ್ಯಕ್ರಮಗಳು ನಡೆಯುವುದು ಹೆಚ್ಚಾಗಿ ಶಾಲೆಯ ಸಭಾಂಗಣಗಳಲ್ಲಿ. ಕ್ಯಾಮೆರಾ ಇಡುವುದು ಕೊನೆಯ ಸಾಲಿನ ಹಿಂದೆ, ಯಾರ ತಲೆಯೂ ಅಡ್ಡ ಬಾರದ ಕಡೆ. ವೇದಿಕೆಗೂ ಅಲ್ಲಿಗೂ ಮೂವತ್ತು ಮೀಟರ್ ದೂರ ಎಂದುಕೊಳ್ಳಿ. ಬೆಳಕಿಗೆ ಆ ದೂರ ಲೆಕ್ಕಕ್ಕೇ ಇಲ್ಲ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ನಡೆದುಕೊಂಡು ಬರಬೇಕು. ಮೂವತ್ತು ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹನ್ನೊಂದನೆಯ ಒಂದು ಪಾಲು ಹಿಡಿಯುತ್ತದೆ. ವಿಡಿಯೊದ ಭಾಷೆಯಲ್ಲಿ ಹೇಳಿದರೆ ಹೆಚ್ಚುಕಡಿಮೆ ಮೂರು ಫ್ರೇಮು. ಹಾಗಾಗಿ ಹಿಂದಿನ ಸಾಲಿನ ಕ್ಯಾಮೆರಾದಲ್ಲಿ ಭರತನಾಟ್ಯದ ಹೆಜ್ಜೆ ಮೊದಲು ನೆಲಕ್ಕೆ ಬೀಳುತ್ತದೆ, ಗೆಜ್ಜೆಯ ಸದ್ದು ಮೂರು ಫ್ರೇಮು ಹಿಂದೆ ಬರುತ್ತದೆ. ಗಂಟು ಬಿಚ್ಚಿ, ದನಿಯ ಪಟ್ಟಿಯನ್ನು ಮೂರು ಫ್ರೇಮು ಮುಂದಕ್ಕೆ ಸರಿಸಿದರೆ ಹೆಜ್ಜೆಯೂ ಗೆಜ್ಜೆಯೂ ಕೂಡುತ್ತವೆ. ನರ್ತಕಿಯ ಅಮ್ಮನಿಗೆ ಏನು ಬದಲಾಯಿತೆಂದು ತಿಳಿಯುವುದಿಲ್ಲ, ಮಗಳು ಚೆನ್ನಾಗಿ ಕುಣಿದಳು ಎಂದಷ್ಟೇ ಅನಿಸುತ್ತದೆ.

ಎಷ್ಟು ಹಿಂದೆ ಮುಂದೆ ಆದರೆ ಮನುಷ್ಯನಿಗೆ ಗೊತ್ತಾಗುತ್ತದೆ ಎಂಬುದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಅಳೆದಿದ್ದಾರೆ. ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಸಾಕು, ಗೊತ್ತಾಗುತ್ತದೆ. ಹಿಂದಾಗುವುದಾದರೆ 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ಈ ಪಕ್ಷಪಾತಕ್ಕೆ ಅರ್ಥವಿದೆ. ಹೊರಗಿನ ಲೋಕದಲ್ಲಿ ದನಿ ಎಂದೂ ನೋಟಕ್ಕಿಂತ ಮೊದಲು ಬರುವುದಿಲ್ಲ. ಮಿಂಚಿನ ಹಿಂದೆಯೇ ಗುಡುಗು. ದೂರದ ಬಂಡೆಯ ಮೇಲೆ ಬಟ್ಟೆ ಒಗೆಯುವವರ ಕೈ ಇಳಿದ ಮೇಲೆಯೇ ಸದ್ದು. ಹೀಗಾಗಿ ಹೊಂದಿಸುವಾಗ ಅನುಮಾನ ಬಂದರೆ ನಾನು ದನಿಯನ್ನು ಒಂದು ಫ್ರೇಮು ಹಿಂದೆಯೇ ಬಿಡುತ್ತೇನೆ, ಮುಂದೆ ಬಿಡುವುದಿಲ್ಲ.

ಯಕ್ಷಗಾನ ಇದ್ದ ದಿನ ಈ ಕೆಲಸಕ್ಕೆ ಬೇರೆಯೇ ಗಾಂಭೀರ್ಯ ಬರುತ್ತದೆ. ಹಿಂದಿನ ಕ್ಯಾಮೆರಾದ ಮೈಕನ್ನೇ ನಂಬಿದರೆ ಅದರಲ್ಲಿ ಚೆಂಡೆ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ಕ್ಯಾಮೆರಾ ತಾನಾಗಿ ದನಿಯನ್ನು ತಗ್ಗಿಸಿಬಿಡುತ್ತದೆ, ಆಗ ಭಾಗವತರ ಪದವೂ ಪಾತ್ರಧಾರಿಗಳ ಮಾತೂ ಜೊತೆಗೇ ಮುಳುಗುತ್ತವೆ. ಅದಕ್ಕೇ ಭಾಗವತರಿಗೊಂದು, ಚೆಂಡೆ ಮದ್ದಳೆಗೊಂದು, ಪಾತ್ರಧಾರಿಗಳಿಗೊಂದು ಎಂದು ಮೈಕುಗಳನ್ನು ಬೇರೆಬೇರೆ ಟ್ರ್ಯಾಕುಗಳಿಗೆ ತೆಗೆದುಕೊಳ್ಳಬೇಕು. ಸಭಾಂಗಣದ ಧ್ವನಿವರ್ಧಕ ನೋಡಿಕೊಳ್ಳುವವರನ್ನು ಮೊದಲೇ ಕೇಳಿಕೊಂಡರೆ ಈಗಿನ ಡಿಜಿಟಲ್ ಮಿಕ್ಸರುಗಳು ಇದನ್ನು ಸಲೀಸಾಗಿ ಮಾಡುತ್ತವೆ. ಆಮೇಲೆ ಮನೆಯಲ್ಲಿ ಕೂತು ಮಾತು ಬಂದಾಗ ಚೆಂಡೆಯನ್ನು ಒಂದಿಷ್ಟು ಇಳಿಸಬಹುದು. ಒಂದಿಷ್ಟು ಮಾತ್ರ. ಚೆಂಡೆ ಹಿನ್ನೆಲೆ ಸಂಗೀತವಲ್ಲ. ಅದನ್ನು ಮಾತಿನಡಿ ಅಡಗಿಸಿದರೆ ರಾಕ್ಷಸ ವೇಷದ ಪ್ರವೇಶಕ್ಕೆ ಬಲವೇ ಇರುವುದಿಲ್ಲ. ಇನ್ನು ಅರ್ಥಗಾರಿಕೆಯೋ ಬರೆದಿಟ್ಟು ಒಪ್ಪಿಸುವ ಪಾಠವಲ್ಲ. ಆ ಕ್ಷಣಕ್ಕೆ, ಎದುರಿನ ಪಾತ್ರಕ್ಕೆ, ಎದುರಿನ ಸಭೆಗೆ ಹುಟ್ಟಿದ ಮಾತು. ಮಿಸ್ಸಿಸಾಗದ ಹಿಮಕ್ಕೆ ಕೌರವನನ್ನು ತಂದು ನಿಲ್ಲಿಸಿ ಕಲಾವಿದರೊಬ್ಬರು ಆಡಿದ ಮಾತು ಮುಂದಿನ ಪ್ರದರ್ಶನದಲ್ಲಿ ಸಿಗುವುದಿಲ್ಲ. ವೇಷ ಮತ್ತೆ ಕಟ್ಟಬಹುದು, ಹೆಜ್ಜೆ ಮತ್ತೆ ಹಾಕಬಹುದು. ಆ ಮಾತು ಆ ಟ್ರ್ಯಾಕಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಚಿತ್ರ ಮತ್ತು ದನಿ ಹುಟ್ಟಿನಿಂದಲೇ ಬೇರೆ ಜಾತಿಯವು ಎನ್ನುವುದು ನನಗೆ ಮನದಟ್ಟಾದದ್ದು ಹಳೆಯ ಫಿಲ್ಮ್ ರೀಲಿನ ರಚನೆ ತಿಳಿದುಕೊಂಡಾಗ. ಪ್ರೊಜೆಕ್ಟರಿನ ಬೆಳಕಿನ ಮುಂದೆ ಫಿಲ್ಮು ಸೆಕೆಂಡಿಗೆ 24 ಸಲ ನಿಲ್ಲಬೇಕು. ನಿಂತರೇ ಚಿತ್ರ ಕಾಣುವುದು, ಓಡುತ್ತಲೇ ಇದ್ದರೆ ಬರೀ ಬಳಿದ ಬಣ್ಣ. ಆದರೆ ದನಿಯನ್ನು ಓದುವ ಭಾಗದ ಮುಂದೆ ಅದೇ ಫಿಲ್ಮು ಎಲ್ಲೂ ತಡೆಯದೆ ಒಂದೇ ಸಮನೆ ಹರಿಯಬೇಕು. ಒಂದೇ ಜಾಗದಲ್ಲಿ ನಿಲ್ಲುವುದೂ ಹರಿಯುವುದೂ ಆಗದ ಮಾತು. ಆದ್ದರಿಂದ 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ದನಿಯನ್ನು ಆ ಚಿತ್ರದ ಪಕ್ಕದಲ್ಲಿ ಅಚ್ಚು ಹಾಕುವುದಿಲ್ಲ, ಸುಮಾರು ಇಪ್ಪತ್ತು ಫ್ರೇಮು ಮುಂದೆ ಹಾಕುತ್ತಾರೆ. ಪರದೆಯ ಮೇಲೆ ನಾಯಕಿ ಬಾಯಿ ತೆರೆಯುವ ಹೊತ್ತಿಗೆ ಅವಳ ದನಿ ಪ್ರೊಜೆಕ್ಟರಿನ ಇನ್ನೊಂದು ಕಡೆ ಹಾದು ಹೋಗುತ್ತಿರುತ್ತದೆ. ಚಿತ್ರ ಎಂದರೆ ನಿಲುಗಡೆಗಳ ಸಾಲು, ದನಿ ಎಂದರೆ ಹರಿವು. ಟೈಮ್‌ಲೈನಿನಲ್ಲಿ ಚಿತ್ರವನ್ನು ನಿಲ್ಲಿಸಿ ನೋಡಿ: ಒಂದು ಫೋಟೊ ಸಿಗುತ್ತದೆ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು. ದನಿಯನ್ನು ನಿಲ್ಲಿಸಿ ನೋಡಿ: ಏನೂ ಸಿಗುವುದಿಲ್ಲ.

ಈ ಬೇರ್ಪಡಿಕೆಯನ್ನು ತುತ್ತತುದಿಗೆ ಒಯ್ದವರು ಇದೇ ದೇಶದವರು. ಟೊರಾಂಟೊದ ಸರೋವರದಂಚಿನಲ್ಲಿ, ಒಂಟಾರಿಯೊ ಪ್ಲೇಸ್‌ನಲ್ಲಿ, ನೀರಿನ ಮೇಲೆ ನಿಂತ ಬಿಳಿಯ ಗೋಳವೊಂದಿದೆ, ಸಿನೆಸ್ಫಿಯರ್. 1971ರಲ್ಲಿ ತೆರೆದ ಅದು ಜಗತ್ತಿನ ಮೊದಲ ಶಾಶ್ವತ ಐಮ್ಯಾಕ್ಸ್ ಚಿತ್ರಮಂದಿರ. ಗ್ರೇಮ್ ಫರ್ಗುಸನ್, ರೋಮನ್ ಕ್ರಾಯ್ಟರ್, ರಾಬರ್ಟ್ ಕೆರ್, ವಿಲಿಯಂ ಶಾ ಎಂಬ ಕೆನಡಾದ ನಾಲ್ವರು ಕಟ್ಟಿದ ವ್ಯವಸ್ಥೆ ಅದು, ಕಂಪನಿಯ ಮುಖ್ಯ ಕಚೇರಿ ಇವತ್ತಿಗೂ ನಮ್ಮ ಪಕ್ಕದ ಮಿಸ್ಸಿಸಾಗದಲ್ಲಿದೆ. 70 ಎಂಎಂ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಒಂದೊಂದು ಚಿತ್ರಕ್ಕೂ ಹದಿನೈದು ರಂಧ್ರಗಳಷ್ಟು ಜಾಗ ಕೊಟ್ಟರು. ಫಿಲ್ಮು ನಿಮಿಷಕ್ಕೆ ಸುಮಾರು ನೂರು ಮೀಟರ್ ಓಡುತ್ತದೆ. ಅಷ್ಟು ದೊಡ್ಡ ಚಿತ್ರ ಕೂತ ಮೇಲೆ ಆ ಫಿಲ್ಮಿನಲ್ಲಿ ದನಿಗೆ ಒಂದೆಳೆ ಜಾಗವೂ ಉಳಿಯಲಿಲ್ಲ. ಆಗ ಅವರು ದನಿಯನ್ನು ಬೇರೆಯೇ ಒಂದು 35 ಎಂಎಂ ಮ್ಯಾಗ್ನೆಟಿಕ್ ಫಿಲ್ಮಿನಲ್ಲಿ ಆರು ಟ್ರ್ಯಾಕುಗಳಾಗಿ ಇಟ್ಟು, ಎರಡು ಯಂತ್ರಗಳನ್ನೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡಿಸಿದರು. ಮಂದಿರದೊಳಗೆ ಕೂತವರಿಗೆ ಪರದೆಯ ಮೇಲಿನ ಸುಪೀರಿಯರ್ ಸರೋವರದ ಅಲೆ ಕಂಡದ್ದು ಒಂದು ರೀಲಿನಿಂದ, ಕೇಳಿದ್ದು ಇನ್ನೊಂದರಿಂದ. 2012ರಲ್ಲಿ ಮುಚ್ಚಿದ ಆ ಮಂದಿರ 2017ರಲ್ಲಿ ಮತ್ತೆ ತೆರೆದಾಗ ನಾನು ಹೋಗಿ ಕೂತಿದ್ದೆ. ಮಕ್ಕಳು ಪರದೆಯ ಎತ್ತರ ನೋಡಿ ಬೆರಗಾದರು. ನನಗೆ ಆ ಎರಡನೆಯ ಯಂತ್ರದ ಬಗ್ಗೆ ಹೇಳಬೇಕೆನಿಸಿತು, ಹೇಳಿದೆ ಕೂಡ.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಕಾರಣವಿದೆ. ಮಿಸ್ಸಿಸಾಗದ ಗೆಳತಿಯೊಬ್ಬಳು ತನ್ನ ಚಿಕ್ಕಮ್ಮನ ಮದುವೆಯ ವಿಎಚ್‌ಎಸ್ ಟೇಪು ತಂದುಕೊಟ್ಟಳು. ಸಾಗರದ ಕಡೆಯ ಮದುವೆ, ತೊಂಬತ್ತರ ದಶಕದ ಮೊದಲ ವರ್ಷಗಳದು. “ಅಕ್ಕಾ, ಇದ್ರಲ್ಲಿ ನಮ್ಮಜ್ಜಿ ಹಸೆಗೆ ಕರೆಯೋ ಹಾಡು ಹೇಳಿದಾರೆ. ಅವ್ರ ದನಿ ಬೇರೆಲ್ಲೂ ಇಲ್ಲ” ಎಂದಳು. ಇಂಡಿಯಾದ ಟೇಪು ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮು. ಇಲ್ಲಿನ ಹಳೆಯ ವಿಸಿಆರ್‌ಗಳು ಎನ್‌ಟಿಎಸ್‌ಸಿಯವು, ಹೆಚ್ಚುಕಡಿಮೆ 30. ಈ ಟೇಪನ್ನು ಅವು ಓದವು. ಎರಡೂ ಪದ್ಧತಿ ತಿಳಿದ ಒಂದು ವಿಸಿಆರ್ ಹುಡುಕಿ ತಂದು ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಚಪ್ಪರ, ಅಡಿಕೆ ಸಿಂಗಾರ, ಎಣ್ಣೆ ಅರಿಶಿನ, ಎಲ್ಲ ಬಂತು. ಅಜ್ಜಿಯೂ ಬಂದರು. ನಾಲ್ಕು ಮಂದಿ ಹೆಂಗಸರ ನಡುವೆ ಕೂತು, ಸೆರಗು ಹೊದ್ದು, ತಲೆ ಒಂದಿಷ್ಟು ವಾಲಿಸಿ ಹಾಡುತ್ತಿದ್ದಾರೆ. ತುಟಿ ಆಡುತ್ತದೆ, ಕತ್ತಿನ ನರ ಉಬ್ಬುತ್ತದೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಕೇಳುವುದು ಮಾತ್ರ ಆ ಕಾಲದ ಒಂದು ಸಿನಿಮಾ ಹಾಡು. ವಿಡಿಯೊ ಮಾಡಿದವರು ಮದುವೆಯ ಉದ್ದಕ್ಕೂ ಸಿನಿಮಾ ಹಾಡು ಹಾಕಿಬಿಟ್ಟಿದ್ದರು.

ಆ ದಿನಗಳಲ್ಲಿ ಇದು ಎಲ್ಲ ಊರಿನ ರೂಢಿ, ಮನೆಯವರು ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದೂ ಹೌದು. ಆದರೆ ವಿಎಚ್‌ಎಸ್ ಟೇಪಿನ ರಚನೆಯೇ ಇದನ್ನು ಎಷ್ಟು ಸುಲಭ ಮಾಡಿತ್ತು ನೋಡಿ. ಅದರಲ್ಲಿ ಚಿತ್ರವನ್ನು ಬರೆಯುವುದು ತಿರುಗುವ ಡ್ರಮ್ಮಿನ ಮೇಲಿನ ಹೆಡ್ಡು, ಓರೆ ಓರೆಯಾದ ಗೆರೆಗಳಲ್ಲಿ. ದನಿಯನ್ನು ಬರೆಯುವುದು ಅಲುಗಾಡದ ಇನ್ನೊಂದು ಹೆಡ್ಡು, ಟೇಪಿನ ಅಂಚಿನಲ್ಲಿ, ಒಂದು ಸಪೂರ ಗೆರೆಯಾಗಿ. ಹೀಗೆ ಹುಟ್ಟಿನಿಂದ ಬೇರೆ ಇದ್ದದ್ದರಿಂದಲೇ ಎಷ್ಟೋ ವಿಸಿಆರ್‌ಗಳಲ್ಲಿ ‘ಆಡಿಯೊ ಡಬ್’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ಅಂಚಿನ ಗೆರೆಯಲ್ಲಿದ್ದ ದನಿ ಅಳಿಸಿ ಅಲ್ಲಿ ಹೊಸದು ಕೂರುತ್ತದೆ. ಚಿತ್ರವನ್ನೂ ದನಿಯನ್ನೂ ಬೇರೆ ಇಡುವ ಅನುಕೂಲ, ಎರಡನ್ನೂ ಉಳಿಸಿಕೊಳ್ಳಲು ಸಿಕ್ಕ ಅನುಕೂಲ. ಅದೇ ಅಜ್ಜಿಯ ಹಾಡನ್ನು ತೆಗೆದುಬಿಡಲು ಬಳಕೆಯಾಯಿತು.

“ಈಗ ಎಐ ಬಂದಿದೆಯಲ್ಲ ಅಕ್ಕಾ, ಬೇರೆ ಮಾಡಕ್ಕೆ ಬರಲ್ವಾ?” ಎಂದು ಗೆಳತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. 2023ರಲ್ಲಿ ಬೀಟಲ್ಸ್ ತಂಡದ ‘ನೌ ಅಂಡ್ ದೆನ್’ ಹೊರಬಂದದ್ದು ಹಾಗೆಯೇ. ಜಾನ್ ಲೆನನ್ ಎಪ್ಪತ್ತರ ದಶಕದಲ್ಲಿ ಮನೆಯ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದರು, ದನಿಯೂ ಪಿಯಾನೊವೂ ಒಂದರೊಳಗೊಂದು ಕಲಸಿಹೋಗಿದ್ದವು. ಪೀಟರ್ ಜಾಕ್ಸನ್ ಅವರ ಬಳಗ ಸಾಕ್ಷ್ಯಚಿತ್ರವೊಂದಕ್ಕೆ ಮಾಡಿಕೊಂಡಿದ್ದ ತಂತ್ರದಿಂದ ದನಿಯನ್ನಷ್ಟೇ ಬಿಡಿಸಿ ತೆಗೆದರು. ಕಲಸಿಹೋದದ್ದನ್ನು ಬಿಡಿಸುವ ಉಪಾಯ ಈಗ ನನ್ನ ಮೇಜಿನ ಸಾಫ್ಟ್‌ವೇರಿನಲ್ಲೂ ಇದೆ. ಆದರೆ ಅಜ್ಜಿಯ ದನಿ ಸಿನಿಮಾ ಹಾಡಿನೊಳಗೆ ಕಲಸಿಲ್ಲ. ಅಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾವ ಯಂತ್ರವೂ ಬಿಡಿಸಿಕೊಡಲಾರದು. ಕೊಟ್ಟರೆ ಅದು ಕಟ್ಟಿಕೊಟ್ಟ ದನಿ, ಅಜ್ಜಿಯದಲ್ಲ. ಹಾಗೆ ಹೇಳಿದೆ. ಅವಳು ಬಹಳ ಹೊತ್ತು ಚಿತ್ರವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಅಜ್ಜಿಯ ತುಟಿ ನೋಡುತ್ತಲೇ ಹಾಡಿಕೊಳ್ಳಲು ಶುರು ಮಾಡಿದಳು. ಮೊದಲ ಸೊಲ್ಲು ಪೂರ್ತಿ ಬಂತು, ಎರಡನೆಯದು ಅರ್ಧ.

ಊರಿಗೆ ಫೋನು ಹೋಯಿತು. ದೊಡ್ಡಮ್ಮನಿಂದ ಉಳಿದ ಸೊಲ್ಲುಗಳು ಬಂದವು. ಇನ್ನೊಂದು ಶನಿವಾರ ಫರ್ನೇಸ್ ಆರಿಸಿ, ಮೈಕು ಇಟ್ಟು, ಅವಳ ಕೈಲಿ ಹಾಡಿಸಿದೆ. ಕೆಳಗಿನ ಪಟ್ಟಿಯಲ್ಲಿ ಅವಳ ಹಾಡನ್ನಿಟ್ಟು ಅಜ್ಜಿಯ ತುಟಿಗೆ ಹೊಂದಿಸುವುದು ಸುಲಭವಾಗಲಿಲ್ಲ. ಅಜ್ಜಿಯ ಹಾಡು ಬಲು ನಿಧಾನ, ಒಂದೊಂದು ಸೊಲ್ಲಿನ ಕೊನೆಯಲ್ಲೂ ಉಸಿರು ಎಳೆದು ನಿಲ್ಲುತ್ತಿದ್ದರು. ಮೊಮ್ಮಗಳ ಹಾಡು ಟೊರಾಂಟೊದ ಓಟಕ್ಕೆ ಒಗ್ಗಿದ್ದು. ಕೊನೆಗೆ ಅವಳೇ ಚಿತ್ರ ನೋಡಿಕೊಂಡು, ಅಜ್ಜಿ ಉಸಿರೆಳೆದ ಕಡೆ ತಾನೂ ಉಸಿರೆಳೆದು ಮತ್ತೆ ಹಾಡಿದಳು. ಕೂಡಿತು. ಸಿನಿಮಾ ಹಾಡಿನ ಟ್ರ್ಯಾಕನ್ನು ಅಳಿಸಲಿಲ್ಲ, ಮ್ಯೂಟ್ ಮಾಡಿ ಇಟ್ಟಿದ್ದೇನೆ, ಅದೂ ಆ ಕಾಲದ ಒಂದು ದಾಖಲೆ. ವಿಡಿಯೊದ ಕೆಳಗೆ ‘ಹಾಡಿದವರು: ಮೊಮ್ಮಗಳು’ ಎಂದು ಬರೆದು, ಇಸವಿಯನ್ನೂ ಹಾಕಿದ್ದೇವೆ. ಹಾಗೆ ಬರೆಯದಿದ್ದರೆ ಮುಂದೊಂದು ದಿನ ಯಾರಾದರೂ ಇದನ್ನು ಅಜ್ಜಿಯ ದನಿ ಎಂದೇ ನಂಬುತ್ತಾರೆ.

ಒಬ್ಬರ ಮುಖಕ್ಕೆ ಇನ್ನೊಬ್ಬರ ದನಿ ಕೂಡುವುದು ಕನ್ನಡದವರಿಗೆ ಹೊಸದಲ್ಲ. 1934ರ ‘ಸತಿ ಸುಲೋಚನಾ’ದಿಂದ ನಮ್ಮ ಸಿನಿಮಾ ಮಾತಾಡಲು ತೊಡಗಿತು. ಆಮೇಲೆ ಹಿನ್ನೆಲೆ ಗಾಯನ ಬಂದು ಹಾಡುವವರೂ ನಟಿಸುವವರೂ ಬೇರೆಯಾದರು. ಎಷ್ಟೋ ವರ್ಷ ರಾಜ್‌ಕುಮಾರ್ ಅವರ ಹಾಡಿನ ದನಿ ಎಂದರೆ ಪಿ. ಬಿ. ಶ್ರೀನಿವಾಸ್ ಅವರದು. ಆ ಮುಖಕ್ಕೆ ಈ ದನಿ ಎಷ್ಟು ಒಪ್ಪಿತ್ತೆಂದರೆ ಬೇರೆಬೇರೆ ಎಂದು ಯೋಚಿಸಿದವರು ಕಡಿಮೆ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದ ಮೇಲೆ ಜನ ಅದನ್ನೂ ಅಷ್ಟೇ ಪ್ರೀತಿಯಿಂದ ಒಪ್ಪಿಕೊಂಡರು. ಈ ಕೂಡುವಿಕೆ ಸುಳ್ಳಲ್ಲ, ಏಕೆಂದರೆ ಅಲ್ಲಿ ದನಿ ಕೊಟ್ಟವರ ಹೆಸರು ಪರದೆಯ ಮೇಲೆ ಬರುತ್ತಿತ್ತು. ಆ ಮರ್ಯಾದೆಯನ್ನು ಮನೆಯ ವಿಡಿಯೊಗಳಿಗೂ ಕೊಡಬೇಕು ಎನ್ನುವುದಷ್ಟೇ ನನ್ನ ಮಾತು.

ಚಿತ್ರವೇ ಇಲ್ಲದೆ ಬರೀ ದನಿಗಳ ಟ್ರ್ಯಾಕುಗಳನ್ನು ಜೋಡಿಸಿ ಏನು ಕಟ್ಟಬಹುದು ಎಂಬುದಕ್ಕೂ ಟೊರಾಂಟೊದಲ್ಲೇ ಉದಾಹರಣೆಯಿದೆ. ಫ್ರಂಟ್ ಸ್ಟ್ರೀಟಿನ ಸಿಬಿಸಿ ಕಟ್ಟಡದ ಮುಂದೆ, ಬೆಂಚಿನ ಮೇಲೆ ಕೋಟು ಟೊಪ್ಪಿ ತೊಟ್ಟು ಕೂತ ಕಂಚಿನ ಮನುಷ್ಯನನ್ನು ನೋಡಿರುತ್ತೀರಿ. ಅವರು ಗ್ಲೆನ್ ಗೂಲ್ಡ್. ಪಿಯಾನೊ ವಾದಕರಾಗಿ ಜಗತ್ತೆಲ್ಲ ಹೆಸರಾಗಿದ್ದವರು 1964ರಲ್ಲಿ ಕಛೇರಿ ಕೊಡುವುದನ್ನೇ ಬಿಟ್ಟರು. 1967ರಲ್ಲಿ ಸಿಬಿಸಿ ರೇಡಿಯೊಗೆ ‘ದಿ ಐಡಿಯಾ ಆಫ್ ನಾರ್ತ್’ ಎಂಬ ಕಾರ್ಯಕ್ರಮ ಮಾಡಿದರು. ಕೆನಡಾದ ಉತ್ತರದ ಹಿಮದ ನಾಡನ್ನು ಬಲ್ಲ ಐವರನ್ನು ಬೇರೆಬೇರೆಯಾಗಿ ಮಾತಾಡಿಸಿ, ಟೇಪುಗಳನ್ನು ಕತ್ತರಿಸಿ ಅಂಟಿಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹಾಯುವ ಹಾಗೆ ಹೆಣೆದರು. ಒಟ್ಟಿಗೆ ಕೂರದವರು ಅಲ್ಲಿ ಒಂದೇ ರೈಲಿನ ಡಬ್ಬಿಯಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಕೆಳಗೆ ಉದ್ದಕ್ಕೂ ರೈಲಿನ ಸದ್ದು, ತಂಬೂರಿಯ ಶ್ರುತಿಯ ಹಾಗೆ. ಮೊದಲ ಸಲ ಕೇಳುವಾಗ ಒಂದು ಮಾತೂ ಹಿಡಿಯುವುದಿಲ್ಲ ಎನಿಸುತ್ತದೆ. ಎರಡನೆಯ ಸಲ ಕಿವಿ ತಾನಾಗಿ ಒಂದು ದನಿಯನ್ನು ಆರಿಸಿಕೊಳ್ಳುತ್ತದೆ. ನಮ್ಮ ದೊಡ್ಡ ಮನೆಗಳ ಜಗಲಿಯಲ್ಲಿ ಬೆಳೆದವರಿಗೆ ಈ ಕೇಳುವ ಕ್ರಮ ಹೊಸದಲ್ಲ.

ಇಲ್ಲಿಗೆ ಎಪ್ಪತ್ತರ ದಶಕದಲ್ಲಿ ಬಂದು ನೆಲೆಸಿದ ಹಿರಿಯರ ಮಾತುಗಳನ್ನು ಈಗ ದಾಖಲಿಸುತ್ತಿದ್ದೇನೆ. ಅವರ ನೆನಪಿನಲ್ಲಿ ಗೆರಾರ್ಡ್ ಸ್ಟ್ರೀಟ್ ಇದೆ. ಇಂಡಿಯಾದ ಸಿನಿಮಾ ನೋಡಲು ನಾಜ್ ಥಿಯೇಟರಿಗೆ ಚಳಿಯಲ್ಲಿ ಹೋದದ್ದಿದೆ. ಫೋನಿಗೆ ದುಡ್ಡು ಸಾಲದೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಅಂಚೆಯಲ್ಲಿ ಕಳಿಸಿದ್ದಿದೆ. ಈ ದಾಖಲೀಕರಣಕ್ಕೆ ನಾನು ಚಿತ್ರವನ್ನು ಅವಲಂಬಿಸುವುದೇ ಇಲ್ಲ. ಕ್ಯಾಮೆರಾ ಒಂದು ಮೂಲೆಯಲ್ಲಿ ಇರುತ್ತದೆ, ರೆಕಾರ್ಡರು ಪ್ರತ್ಯೇಕ, ಮೈಕು ಅವರ ಕೊರಳಿನ ಹತ್ತಿರ. ಶುರುವಿನಲ್ಲಿ ಕ್ಯಾಮೆರಾಕ್ಕೆ ಕಾಣುವ ಹಾಗೆ ಒಂದು ಚಪ್ಪಾಳೆ ತಟ್ಟುತ್ತೇನೆ. ಎರಡೂ ಟ್ರ್ಯಾಕುಗಳಲ್ಲಿ ಆ ಚಪ್ಪಾಳೆ ಮೊನಚಾದ ಗೆರೆಯಾಗಿ ನಿಂತಿರುತ್ತದೆ, ಆಮೇಲೆ ಗೆರೆಗೆ ಗೆರೆ ಕೂಡಿಸಿದರೆ ಮುಗಿಯಿತು. ಮೊಬೈಲಿನಲ್ಲಿ ತೆಗೆದ ಉದ್ದದ ವಿಡಿಯೊಗಳಲ್ಲಿ ಮಾತ್ರ ಕೊನೆಗೂ ಇನ್ನೊಂದು ಚಪ್ಪಾಳೆ ಬೇಕು. ಬೆಳಕಿಗೆ ತಕ್ಕಂತೆ ಮೊಬೈಲು ಫ್ರೇಮಿನ ವೇಗವನ್ನು ತಾನೇ ಬದಲಿಸುವುದರಿಂದ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗಿರುತ್ತದೆ.

ಮಾತು ಮುಗಿದ ಮೇಲೆ ಯಾರೂ ಏನೂ ಆಡದೆ ಒಂದು ನಿಮಿಷ ಕೂರಬೇಕೆಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಆ ಕೋಣೆಯ ಮೌನವೂ ಬೇಕು. ಕೆಮ್ಮನ್ನೋ ಫೋನಿನ ಗಂಟೆಯನ್ನೋ ಕತ್ತರಿಸಿ ತೆಗೆದ ಜಾಗಕ್ಕೆ ಅದೇ ಕೋಣೆಯ ಮೌನವನ್ನು ತುಂಬದಿದ್ದರೆ ಅಲ್ಲೊಂದು ಹಳ್ಳ ಬಿದ್ದದ್ದು ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ಯಾವ ಎರಡು ಕೋಣೆಗಳ ಮೌನವೂ ಒಂದಲ್ಲ. ಬ್ರಾಂಪ್ಟನ್ನಿನ ಮೌನದಲ್ಲಿ ಫ್ರಿಜ್ಜಿದೆ, ಪಿಯರ್ಸನ್ ನಿಲ್ದಾಣಕ್ಕೆ ಇಳಿಯುವ ವಿಮಾನವಿದೆ. ಹೊಸ ಹಿಮ ಬಿದ್ದ ದಿನವಾದರೆ ಹೊರಗಿನ ಸದ್ದನ್ನೆಲ್ಲ ಹಿಮ ಹೀರಿಕೊಂಡಿರುತ್ತದೆ, ರೆಕಾರ್ಡಿಂಗಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕರೆಂಟಿನ ಗುಂಯ್‌ಗುಡುವಿಕೆಯಲ್ಲೂ ಊರು ಗುರುತು ಹಿಡಿಯಬಹುದು. ಇಲ್ಲಿನ ವಿದ್ಯುತ್ತು 60 ಹರ್ಟ್ಸ್‌ನದು, ಇಂಡಿಯಾದ್ದು 50. ಹಳೆಯ ಕ್ಯಾಸೆಟ್ಟಿನ ದನಿಯನ್ನು ಗ್ರಾಫಿನಲ್ಲಿ ನೋಡಿ 50ರ ಹತ್ತಿರ ಗೆರೆಯೊಂದು ನಿಂತಿದ್ದರೆ ಅದು ಊರಿನಿಂದ ಬಂದ ಮಾತು, 60ರಲ್ಲಿ ನಿಂತಿದ್ದರೆ ಇಲ್ಲಿಂದ ಹೋಗಬೇಕಿದ್ದ ಮಾತು.

ಒಂದು ವಿಷಯದಲ್ಲಿ ಮಾತ್ರ ನಾನು ಎಲ್ಲರ ಜೊತೆ ವಾದ ಮಾಡುತ್ತೇನೆ. ಗದ್ದಲ ತೆಗೆಯುವ ಉಪಕರಣಗಳನ್ನು ಮಿತಿಮೀರಿ ತಿರುಗಿಸಬೇಡಿ. ಸ, ಶ, ಹ ಇವೆಲ್ಲ ಉಸಿರಿನ ಸದ್ದುಗಳು. ಯಂತ್ರಕ್ಕೆ ಅವುಗಳಿಗೂ ಗದ್ದಲಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಪೂರ್ತಿ ಸ್ವಚ್ಛ ಮಾಡಲು ಹೋದರೆ ಹಿರಿಯರ ಮಾತಿನ ಈ ಅಕ್ಷರಗಳು ಸವೆದು, ನೀರೊಳಗಿಂದ ಮಾತಾಡಿದಂತಾಗುತ್ತದೆ. ಧಾರವಾಡದ ಹಿರಿಯರ ಮಾತಿನ ಗತ್ತು, ಮಂಗಳೂರಿನವರ ಬಿಡಿಬಿಡಿ ಉಚ್ಚಾರ, ಮೈಸೂರಿನವರ ಎಳೆತ, ಇಲ್ಲಿ ಹುಟ್ಟಿದ ಮಕ್ಕಳು ಇವನ್ನು ಪುಸ್ತಕದಿಂದ ಕಲಿಯಲಾರರು. ಸ್ವಲ್ಪ ಫ್ಯಾನಿನ ಸದ್ದು ಇರಲಿ, ಮಾತು ಪೂರ್ತಿ ಇರಲಿ.

ಇನ್ನು ಮಕ್ಕಳ ಡ್ಯಾನ್ಸಿಗೆ ಸಿನಿಮಾ ಹಾಡು ಹಾಕಿರುತ್ತೀರಿ, ವಿಡಿಯೊ ತಾಣಕ್ಕೆ ಏರಿಸಿದ ಕೂಡಲೇ ಹಕ್ಕುಸ್ವಾಮ್ಯದ ತಕರಾರು ಬಂದು ದನಿಯೇ ಬಂದ್ ಆಗಬಹುದು. ಹಾಡು, ನಿರೂಪಣೆ, ಸಭೆಯ ಚಪ್ಪಾಳೆ ಬೇರೆಬೇರೆ ಟ್ರ್ಯಾಕಿನಲ್ಲಿದ್ದರೆ ಹಾಡೊಂದನ್ನೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಬಹುದು. ಎಲ್ಲ ಒಂದಾಗಿ ಕೂಡಿಸಿಬಿಟ್ಟಿದ್ದರೆ ನಿಮ್ಮ ಮಗಳು ಮೊದಲ ಸಲ ಕನ್ನಡದಲ್ಲಿ ಮಾಡಿದ ನಿರೂಪಣೆಯೂ ಹಾಡಿನ ಜೊತೆಗೇ ಹೋಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಡುವವರಲ್ಲಿ ನನ್ನದೊಂದು ಕೋರಿಕೆ. ಅಜ್ಜ ಅಜ್ಜಿ ಮಾತಾಡುವಾಗ ಒಂದು ಫೋನಿನಲ್ಲಿ ವಿಡಿಯೊ ತೆಗೆಯಿರಿ, ಇನ್ನೊಂದು ಫೋನನ್ನು ರೆಕಾರ್ಡಿಂಗಿಗೆ ಹಾಕಿ ಅವರ ಎದುರಿನ ಚಾಪೆಯ ಮೇಲೋ ಮೇಜಿನ ಮೇಲೋ ಇಡಿ, ಎರಡು ಮೊಳದೊಳಗೆ. ಫ್ಯಾನು ಟಿವಿ ಆರಿಸಿ. ಶುರುವಿಗೊಂದು ಚಪ್ಪಾಳೆ ತಟ್ಟಿ. ಅವರು ಹಾಡಿದರೆ ಮಧ್ಯೆ ‘ವ್ಹಾ’ ಎನ್ನಬೇಡಿ, ಮುಗಿಯುವವರೆಗೆ ಕಾಯಿರಿ. ಇಲ್ಲಿಗೆ ಬಂದು ಎಡಿಟ್ ಮಾಡುವಾಗ ಸಂಗೀತ ಸೇರಿಸುವ ಆಸೆಯಾದರೆ ಬೇರೆ ಟ್ರ್ಯಾಕಿನಲ್ಲಿ ಸೇರಿಸಿ, ಮೂಲದ ದನಿಯನ್ನು ಮ್ಯೂಟ್ ಮಾಡಿದರೂ ಅಳಿಸಬೇಡಿ. ಆ ದನಿಯ ಕಡತವೊಂದನ್ನು ಹೆಸರು, ಊರು, ಇಸವಿ ಬರೆದು ಪ್ರತ್ಯೇಕವಾಗಿ ಎರಡು ಕಡೆ ಇಡಿ. ಜೋಡಿಸಲು ಬಾರದಿದ್ದರೆ ಜೋಡಿಸುವವರು ಇಲ್ಲಿ ಇದ್ದೇವೆ. ದನಿ ತಂದುಕೊಡಿ.